ವೈಪರ್ (ವಾಹನ)

ವೈಪರ್ ಎಂಬುದು ಮೋಟಾರು ವಾಹನದ ಮುಂಭಾಗದ ಗಾಜಿನ ಮೇಲೆ ಬೀಳುವ ಮಳೆನೀರು, ಇಬ್ಬನಿ, ಧೂಳು, ಕೆಸರು ಹಾಗೂ ಹಿಮವನ್ನು ಒರೆಸಿ ಚಾಲಕನಿಗೆ ರಸ್ತೆ ಕಾಣುವಂತೆ ಮಾಡುವ ಸಾಧನ. ಕಾರು, ಬಸ್ಸು, ಲಾರಿಗಳಲ್ಲದೆ ರೈಲು ಎಂಜಿನ್, ಹಡಗು ಮತ್ತು ಕೆಲವು ವಿಮಾನಗಳಲ್ಲಿಯೂ ಇದನ್ನು ಅಳವಡಿಸಲಾಗುತ್ತದೆ. ವೈಪರಿನ ರಬ್ಬರ್ ಗಾಜಿಗೆ ಅಂಟಿಕೊಳ್ಳುವುದು ಇದರ ಸಾಮಾನ್ಯ ತೊಂದರೆಗಳಲ್ಲೊಂದು. ಶೀತ ದೇಶಗಳಲ್ಲಿ ಇದಕ್ಕೆ ಹೆಪ್ಪುಗಟ್ಟಿದ ನೀರು ಕಾರಣವಾದರೆ, ಭಟ್ಕಳ, ಹೊನ್ನಾವರ, ಕುಮಟಾಗಳಂತಹ ಕರಾವಳಿ ಊರುಗಳಲ್ಲಿ ಬಿಸಿಲು, ಉಪ್ಪಿನಂಶ, ಧೂಳು ಮತ್ತು ಮರದ ಅಂಟು ಕಾರಣವಾಗುತ್ತವೆ.

ಇತಿಹಾಸ

ವೈಪರಿನ ಹುಟ್ಟಿಗೆ ಹಿಮವೇ ಪ್ರೇರಣೆ. ಅಮೆರಿಕದ ಅಲಬಾಮಾ ರಾಜ್ಯದ ಮೇರಿ ಆಂಡರ್ಸನ್ ಎಂಬ ಮಹಿಳೆ ಚಳಿಗಾಲದಲ್ಲಿ ನ್ಯೂಯಾರ್ಕಿಗೆ ಹೋಗಿದ್ದಾಗ, ಟ್ರಾಮ್ ಚಾಲಕನು ಗಾಜಿನ ಮೇಲೆ ಬೀಳುತ್ತಿದ್ದ ಹಿಮಮಿಶ್ರಿತ ಮಳೆಯಿಂದಾಗಿ ದಾರಿ ಕಾಣದೆ ಕಷ್ಟಪಡುತ್ತಿದ್ದುದನ್ನು ಗಮನಿಸಿದರು. ವಾಹನದ ಒಳಗಿನಿಂದಲೇ ಸನ್ನೆಕೋಲಿನ ಮೂಲಕ ಕೈಯಿಂದ ಆಡಿಸಬಹುದಾದ ರಬ್ಬರ್ ಪಟ್ಟಿಯ ಸಾಧನವೊಂದನ್ನು ರೂಪಿಸಿದ ಅವರಿಗೆ 1903ರ ನವೆಂಬರ್ 10ರಂದು ಪೇಟೆಂಟ್ ದೊರೆಯಿತು. ಆಗ ಮೋಟಾರು ಕಾರುಗಳ ಸಂಖ್ಯೆ ಕಡಿಮೆಯಿದ್ದುದರಿಂದ ಈ ಸಾಧನಕ್ಕೆ ಕೊಳ್ಳುವವರು ಸಿಗಲಿಲ್ಲ; ಪೇಟೆಂಟಿನಿಂದ ಅವರಿಗೆ ಲಾಭವೂ ಆಗಲಿಲ್ಲ.

ಮುಂದೆ ಎಂಜಿನ್ನಿನ ಒಳಸೆಳೆತದಿಂದ ಉಂಟಾಗುವ ನಿರ್ವಾತವನ್ನು ಬಳಸಿ ಚಲಿಸುವ ವೈಪರ್‌ಗಳು ಪ್ರಚಾರಕ್ಕೆ ಬಂದವು. ಆಕ್ಸಿಲರೇಟರ್ ಒತ್ತಿದಾಗ ನಿರ್ವಾತ ಕುಗ್ಗುವುದರಿಂದ, ಏರುದಾರಿಯಲ್ಲಿ ವೈಪರ್ ನಿಧಾನವಾಗುವುದು ಅಥವಾ ನಿಂತೇ ಹೋಗುವುದು ಇವುಗಳ ದೊಡ್ಡ ದೋಷವಾಗಿತ್ತು. ಜರ್ಮನಿಯ ಬಾಶ್ ಸಂಸ್ಥೆಯು 1926ರಲ್ಲಿ ವಿದ್ಯುತ್ ವೈಪರನ್ನು ಮಾರುಕಟ್ಟೆಗೆ ತಂದಿತು. ಇಂದಿನ ವೈಪರ್‌ಗಳು ಬಹುತೇಕ ವಿದ್ಯುತ್ ಮೋಟಾರಿನಿಂದಲೇ ಚಲಿಸುತ್ತವೆ.

ತುಂತುರು ಮಳೆಯಲ್ಲಿ ಬಿಟ್ಟು ಬಿಟ್ಟು ಒರೆಸುವ ವ್ಯವಸ್ಥೆಯೊಂದನ್ನು ಅಮೆರಿಕದ ಎಂಜಿನಿಯರ್ ರಾಬರ್ಟ್ ಕರ್ನ್ಸ್ 1960ರ ದಶಕದಲ್ಲಿ ರೂಪಿಸಿದರು. ತಮ್ಮ ಪೇಟೆಂಟನ್ನು ಅನುಮತಿಯಿಲ್ಲದೆ ಬಳಸಲಾಗಿದೆಯೆಂದು ಅವರು ಫೋರ್ಡ್ ಮತ್ತು ಕ್ರೈಸ್ಲರ್ ಕಂಪನಿಗಳ ವಿರುದ್ಧ ದೀರ್ಘಕಾಲ ಮೊಕದ್ದಮೆ ನಡೆಸಿದರು. ಈ ಹೋರಾಟವನ್ನು ಆಧರಿಸಿದ 'ಫ್ಲ್ಯಾಶ್ ಆಫ್ ಜೀನಿಯಸ್' ಚಲನಚಿತ್ರ 2008ರಲ್ಲಿ ತೆರೆಕಂಡಿತು.

ರಚನೆ ಮತ್ತು ಕಾರ್ಯವಿಧಾನ

ವೈಪರ್ ವ್ಯವಸ್ಥೆಯಲ್ಲಿ ಮುಖ್ಯವಾಗಿ ಐದು ಭಾಗಗಳಿವೆ: ವಿದ್ಯುತ್ ಮೋಟಾರು, ಅದರ ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುವ ಗೇರು, ವೃತ್ತಾಕಾರದ ಚಲನೆಯನ್ನು ಹಿಂದಕ್ಕೂ ಮುಂದಕ್ಕೂ ಆಗುವ ಚಲನೆಯಾಗಿ ಮಾರ್ಪಡಿಸುವ ಸನ್ನೆಕೋಲುಗಳು, ಸ್ಪ್ರಿಂಗ್ ಇರುವ ತೋಳು, ಹಾಗೂ ರಬ್ಬರ್ ಪಟ್ಟಿಯನ್ನು ಹಿಡಿದಿರುವ ಬ್ಲೇಡ್. ಸ್ಪ್ರಿಂಗ್ ಬ್ಲೇಡನ್ನು ಗಾಜಿಗೆ ಒತ್ತಿ ಹಿಡಿಯುತ್ತದೆ. ಸ್ವಿಚ್ ಆರಿಸಿದಾಗ ವೈಪರ್ ಎಲ್ಲೆಂದರಲ್ಲಿ ನಿಲ್ಲದೆ ಗಾಜಿನ ಕೆಳ ಅಂಚಿಗೆ ಮರಳುವಂತೆ ಮೋಟಾರಿನಲ್ಲಿಯೇ ಏರ್ಪಾಡು ಇರುತ್ತದೆ.

ಗಾಜನ್ನು ಮುಟ್ಟುವುದು ರಬ್ಬರ್ ಪಟ್ಟಿಯ ತೆಳುವಾದ ಅಂಚು ಮಾತ್ರ. ಈ ಅಂಚು ಚಲನೆಯ ದಿಕ್ಕಿಗೆ ವಿರುದ್ಧವಾಗಿ ಓರೆಯಾಗಿ ಬಾಗಿ ನೀರನ್ನು ತಳ್ಳುತ್ತದೆ. ಪ್ರತಿ ಸಲ ದಿಕ್ಕು ಬದಲಾದಾಗ ಇನ್ನೊಂದು ಬದಿಗೆ ಮಗುಚಿಕೊಳ್ಳುತ್ತದೆ. ರಬ್ಬರ್ ಗಡುಸಾದಾಗ ಅಂಚು ಮಗುಚಿಕೊಳ್ಳದೆ ಒಂದೇ ಕಡೆಗೆ ಬಾಗಿ ಉಳಿಯುತ್ತದೆ. ಆಗ ಬ್ಲೇಡ್ ಒಂದು ದಿಕ್ಕಿನಲ್ಲಿ ಸರಿಯಾಗಿ ಒರೆಸಿ, ಮರಳುವಾಗ ಕಟಕಟ ಸದ್ದು ಮಾಡುತ್ತಾ ಜಿಗಿಯುತ್ತದೆ ಮತ್ತು ಗಾಜಿನ ಮೇಲೆ ನೀರಿನ ಗೆರೆಗಳನ್ನು ಉಳಿಸುತ್ತದೆ. ಗಾಜಿನ ಮೇಲೆ ಎಣ್ಣೆಯ ಪದರವಿದ್ದರೂ ಇದೇ ತೊಂದರೆ ಕಾಣಿಸಿಕೊಳ್ಳುವುದರಿಂದ, ಬ್ಲೇಡ್ ಬದಲಾಯಿಸುವ ಮೊದಲು ಗಾಜನ್ನು ತೊಳೆದು ನೋಡುವುದು ಉಚಿತ.

ಕೆಲವು ವಾಹನಗಳಲ್ಲಿ ಮಳೆಯನ್ನು ಗುರುತಿಸಿ ತಾನಾಗಿ ಚಾಲನೆಗೊಳ್ಳುವ ವೈಪರ್ ಇರುತ್ತದೆ. ಗಾಜಿನ ಒಳಬದಿಯಿಂದ ಹಾಯಿಸಿದ ಅವಕೆಂಪು ಬೆಳಕು ಒಣ ಗಾಜಿನಲ್ಲಿ ಪೂರ್ಣವಾಗಿ ಪ್ರತಿಫಲಿಸುತ್ತದೆ. ಹೊರಗೆ ನೀರಿನ ಹನಿಯಿದ್ದಲ್ಲಿ ಬೆಳಕಿನ ಒಂದಂಶ ಹೊರಗೆ ಹೋಗುತ್ತದೆ. ಈ ವ್ಯತ್ಯಾಸದಿಂದ ಮಳೆಯ ಪ್ರಮಾಣವನ್ನು ಅಳೆಯಲಾಗುತ್ತದೆ.

ಉತ್ತರ ಕನ್ನಡ ಕರಾವಳಿಯಲ್ಲಿ

ಪನ್ವೇಲ್‌ನಿಂದ ಕನ್ಯಾಕುಮಾರಿಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 66 ಕುಮಟಾ, ಹೊನ್ನಾವರ ಮತ್ತು ಭಟ್ಕಳ ತಾಲೂಕುಗಳನ್ನು ಹಾದುಹೋಗುತ್ತದೆ. ಈ ಭಾಗದಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಉಳಿದ ತಿಂಗಳುಗಳಲ್ಲಿ ವೈಪರಿಗೆ ಕೆಲಸ ಕಡಿಮೆ. ಹೀಗೆ ದೀರ್ಘಕಾಲ ಬಿಸಿಲಿನಲ್ಲಿ ನಿಷ್ಕ್ರಿಯವಾಗಿದ್ದು, ಬಳಿಕ ಒಮ್ಮೆಲೇ ಎಡೆಬಿಡದೆ ದುಡಿಯಬೇಕಾಗುವುದು ಇಲ್ಲಿನ ವೈಪರ್‌ಗಳ ವಿಶೇಷ ಪರಿಸ್ಥಿತಿ.

ಬೇಸಿಗೆ: ಸೂರ್ಯನ ನೇರಳಾತೀತ ಕಿರಣ, ಶಾಖ ಮತ್ತು ಗಾಳಿಯಲ್ಲಿರುವ ಓಝೋನ್ ರಬ್ಬರನ್ನು ಗಡುಸಾಗಿಸಿ ಬಿರುಕು ಬಿಡಿಸುತ್ತವೆ. ಬಿಸಿಯಾದ ಗಾಜಿನ ಮೇಲೆ ವಾರಗಟ್ಟಲೆ ಒತ್ತಿಕೊಂಡಿದ್ದ ರಬ್ಬರ್ ಅಲ್ಲಿಯೇ ಅಂಟಿಕೊಳ್ಳುತ್ತದೆ. ಮೊದಲ ಮಳೆಯ ದಿನ ಸ್ವಿಚ್ ಒತ್ತಿದರೆ ರಬ್ಬರಿನ ಅಂಚು ಹರಿದು ಗಾಜಿನ ಮೇಲೆ ಕಪ್ಪು ಗೆರೆಯಾಗಿ ಉಳಿಯುವುದುಂಟು.

ಉಪ್ಪು ಮತ್ತು ಇಬ್ಬನಿ: ಸಮುದ್ರದ ಕಡೆಯಿಂದ ಬೀಸುವ ಗಾಳಿ ಉಪ್ಪಿನ ಸೂಕ್ಷ್ಮ ಕಣಗಳನ್ನು ಹೊತ್ತು ತರುತ್ತದೆ. ಚಳಿಗಾಲದ ಬೆಳಗಿನ ಇಬ್ಬನಿಯಲ್ಲಿ ಈ ಉಪ್ಪು ಕರಗಿ, ಧೂಳಿನೊಂದಿಗೆ ಬೆರೆತು, ಬಿಸಿಲೇರಿದಂತೆ ಬಿಳಿಯ ಪದರವಾಗಿ ಒಣಗುತ್ತದೆ. ಉಪ್ಪಿನಂಶದಿಂದ ತೋಳಿನ ಕೀಲು, ಸ್ಪ್ರಿಂಗ್ ಮತ್ತು ಸನ್ನೆಕೋಲುಗಳು ತುಕ್ಕು ಹಿಡಿಯುತ್ತವೆ. ಕೀಲು ಬಿಗಿದುಕೊಂಡರೆ ಹೊಸ ಬ್ಲೇಡ್ ಹಾಕಿದರೂ ಗಾಜಿನ ಮೇಲೆ ಸಮನಾದ ಒತ್ತಡ ಬೀಳುವುದಿಲ್ಲ.

ಕೆಮ್ಮಣ್ಣು: ಈ ಭಾಗದ ಚಿರೆಕಲ್ಲಿನ ಧೂಳು ಮತ್ತು ಕೆಂಪು ಕೆಸರು ಗಾಜನ್ನು ಉಜ್ಜುವ ಗುಣವುಳ್ಳವು. ಎದುರಿನಿಂದ ಬರುವ ಲಾರಿ ಕೆಸರು ಎರಚಿದಾಗ ನೀರು ಚಿಮ್ಮಿಸದೆ ವೈಪರ್ ಚಲಾಯಿಸಿದರೆ, ಗಾಜಿನ ಮೇಲೆ ಬಿಲ್ಲಿನಾಕಾರದ ಗೀರುಗಳು ಬೀಳುತ್ತವೆ. ಹಗಲಿನಲ್ಲಿ ಕಣ್ಣಿಗೆ ಬೀಳದ ಈ ಗೀರುಗಳು ರಾತ್ರಿ ಎದುರು ವಾಹನದ ದೀಪ ಬಿದ್ದಾಗ ಹೊಳೆದು ದೃಷ್ಟಿಯನ್ನು ಮಂಕುಗೊಳಿಸುತ್ತವೆ.

ಮರದ ಅಂಟು: ಮಾವು ಹೂಬಿಡುವ ಕಾಲದಲ್ಲಿ ಜಿಗಿಹುಳುಗಳು ಸ್ರವಿಸುವ ಸಿಹಿಯಾದ ಅಂಟು ಮರದಡಿ ನಿಲ್ಲಿಸಿದ ವಾಹನದ ಗಾಜಿನ ಮೇಲೆ ಬೀಳುತ್ತದೆ. ಇದು ಒಣಗಿದಾಗ ಬ್ಲೇಡನ್ನು ಗಾಜಿಗೆ ಭದ್ರವಾಗಿ ಹಿಡಿಯುತ್ತದೆ. ಇದನ್ನು ವೈಪರಿನಿಂದ ಒರೆಸದೆ, ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ನೆನೆಸಿ ಬಟ್ಟೆಯಿಂದ ತೆಗೆಯಬೇಕು. ಗಾಳಿಮರದ ಸೂಜಿಯಂತಹ ಕಿರುಕಡ್ಡಿಗಳು ಗಾಜಿನ ಬುಡದಲ್ಲಿ ಸೇರಿ ನೀರು ಹರಿಯುವ ರಂಧ್ರಗಳನ್ನು ಮುಚ್ಚುತ್ತವೆ. ಅಲ್ಲಿ ನಿಂತ ನೀರು ವೈಪರ್ ಮೋಟಾರಿಗೆ ಹಾನಿ ಮಾಡಬಲ್ಲದು.

ಮಳೆಗಾಲದ ದೃಶ್ಯತೆ

ಗಂಟೆಗೆ 60 ಕಿ.ಮೀ. ವೇಗದಲ್ಲಿ ಸಾಗುವ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಕ್ರಮಿಸುತ್ತದೆ. ನಿಮಿಷಕ್ಕೆ 45 ಬಾರಿ ಒರೆಸುವ ವೈಪರ್ ಒಂದು ಸುತ್ತು ಮುಗಿಸುವಷ್ಟರಲ್ಲಿ ವಾಹನ ಸುಮಾರು 22 ಮೀಟರ್ ಮುಂದೆ ಹೋಗಿರುತ್ತದೆ. ಒಂದು ಸುತ್ತಿನಲ್ಲಿ ಗಾಜು ಸ್ವಚ್ಛವಾಗದಿದ್ದರೆ ಅಷ್ಟು ದೂರವನ್ನು ಚಾಲಕ ಸರಿಯಾಗಿ ಕಾಣದೆಯೇ ಕ್ರಮಿಸಿದಂತಾಗುತ್ತದೆ. ರಸ್ತೆಬದಿಯ ಪಾದಚಾರಿಗಳು, ದೀಪವಿಲ್ಲದ ಸೈಕಲ್ಲುಗಳು ಮತ್ತು ರಸ್ತೆಯಲ್ಲಿ ಮಲಗಿರುವ ದನಗಳ ವಿಷಯದಲ್ಲಿ ಈ ಅಂತರ ನಿರ್ಣಾಯಕ.

ಭಾರತೀಯ ಹವಾಮಾನ ಇಲಾಖೆಯ ವರ್ಗೀಕರಣದಂತೆ 24 ಗಂಟೆಗಳಲ್ಲಿ 64.5 ಮಿ.ಮೀ.ಯಿಂದ ಭಾರಿ ಮಳೆ, 115.6 ಮಿ.ಮೀ.ಯಿಂದ ಅತಿ ಭಾರಿ ಮಳೆ ಹಾಗೂ 204.4 ಮಿ.ಮೀ. ಮೀರಿದರೆ ಅತ್ಯಂತ ಭಾರಿ ಮಳೆ ಎಂದು ಪರಿಗಣಿಸಲಾಗುತ್ತದೆ. 2022ರ ಆಗಸ್ಟ್ ಮೊದಲ ವಾರದಲ್ಲಿ ಭಟ್ಕಳದಲ್ಲಿ ಒಂದೇ ದಿನ 500 ಮಿ.ಮೀ.ಗೂ ಹೆಚ್ಚು ಮಳೆ ಸುರಿದು, ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ನಾಲ್ವರು ಮೃತಪಟ್ಟರು. ಇಂತಹ ಮಳೆಯಲ್ಲಿ ಎಷ್ಟೇ ಒಳ್ಳೆಯ ವೈಪರ್ ಇದ್ದರೂ ದಾರಿ ಕಾಣುವುದಿಲ್ಲ. ಗುಡ್ಡದ ಬುಡವನ್ನೂ ಮರಗಳನ್ನೂ ಬಿಟ್ಟು ಸುರಕ್ಷಿತ ಸ್ಥಳದಲ್ಲಿ ವಾಹನ ನಿಲ್ಲಿಸುವುದೊಂದೇ ಮಾರ್ಗ.

ಗಾಜು ಮಂಜಾಗುವುದು

ಮಳೆಗಾಲದಲ್ಲಿ ವೈಪರ್ ಸರಿಯಿದ್ದರೂ ಗಾಜು ಮಸುಕಾಗುವುದುಂಟು. ಇದರಲ್ಲಿ ಎರಡು ಬಗೆಗಳಿದ್ದು, ಪರಿಹಾರಗಳು ಪರಸ್ಪರ ವಿರುದ್ಧವಾಗಿವೆ. ಪ್ರಯಾಣಿಕರ ಉಸಿರು ಮತ್ತು ಒದ್ದೆ ಬಟ್ಟೆಗಳ ತೇವವು ಮಳೆಯಿಂದ ತಂಪಾದ ಗಾಜಿನ ಒಳಬದಿಯಲ್ಲಿ ಸಾಂದ್ರೀಕರಿಸುವುದು ಮೊದಲನೆಯದು. ಆಗ ಎಸಿ ಚಾಲೂ ಮಾಡಿ, ಹೊರಗಾಳಿ ಒಳಬರುವ ಸ್ಥಿತಿಯಲ್ಲಿಟ್ಟು, ಗಾಳಿಯನ್ನು ಗಾಜಿನತ್ತ ತಿರುಗಿಸಬೇಕು. ಎಸಿ ಗಾಳಿಯ ತೇವವನ್ನು ತೆಗೆಯುತ್ತದೆ. ಎಸಿಯಿಂದ ಗಾಜು ಅತಿಯಾಗಿ ತಂಪಾಗಿ, ಹೊರಗಿನ ತೇವಭರಿತ ಗಾಳಿ ಗಾಜಿನ ಹೊರಬದಿಯಲ್ಲಿ ಸಾಂದ್ರೀಕರಿಸುವುದು ಎರಡನೆಯದು. ಆಗ ವೈಪರ್ ಚಲಾಯಿಸಿ, ಎಸಿಯ ತಂಪನ್ನು ಕಡಿಮೆ ಮಾಡಬೇಕು. ಬೆರಳಿನಿಂದ ಒಳಗಾಜನ್ನು ಮುಟ್ಟಿ ನೋಡಿದರೆ ತೇವ ಯಾವ ಬದಿಯಲ್ಲಿದೆಯೆಂದು ತಿಳಿಯುತ್ತದೆ. ಕುಮಟಾ–ಶಿರಸಿ ರಸ್ತೆಯ ದೇವಿಮನೆ ಘಟ್ಟ ಅಥವಾ ಹೊನ್ನಾವರದಿಂದ ಸಾಗರದತ್ತ ಏರುವ ಗೇರುಸೊಪ್ಪೆ ಘಟ್ಟದಲ್ಲಿ ಎತ್ತರದೊಂದಿಗೆ ತಾಪಮಾನ ಇಳಿಯುವುದರಿಂದ ಈ ತೊಂದರೆ ಹೆಚ್ಚು.

ನಿರ್ವಹಣೆ

ಕರಾವಳಿಯಲ್ಲಿ ಮೇ ತಿಂಗಳ ಕೊನೆಯೊಳಗೆ, ಮುಂಗಾರಿಗೆ ಮೊದಲೇ ವೈಪರ್ ಪರೀಕ್ಷಿಸುವುದು ಸೂಕ್ತ. ಪಾಲಿಸಬೇಕಾದ ಕ್ರಮಗಳು ಇಂತಿವೆ:

• ಗಾಜಿಗೆ ಮೊದಲು ಧಾರಾಳ ನೀರು ಸುರಿದು ಧೂಳು ಮತ್ತು ಉಪ್ಪನ್ನು ತೊಳೆಯಬೇಕು. ಅನಂತರವೇ ಬಟ್ಟೆಯಿಂದ ಒರೆಸಬೇಕು.
• ತೋಳನ್ನು ಎತ್ತಿ ರಬ್ಬರಿನ ಅಂಚನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಬಿರುಕು, ಹರಿದ ಅಂಚು ಅಥವಾ ಗಡುಸುತನ ಕಂಡುಬಂದರೆ ಬ್ಲೇಡ್ ಬದಲಾಯಿಸಬೇಕು.
• ಎತ್ತಿದ ತೋಳನ್ನು ಕೈಬಿಡಬಾರದು. ಬ್ಲೇಡ್ ಇಲ್ಲದ ತೋಳು ಸ್ಪ್ರಿಂಗಿನ ಬಲದಿಂದ ಬಡಿದರೆ ಗಾಜು ಒಡೆಯಬಹುದು.
• ಡೀಸೆಲ್, ಸೀಮೆಎಣ್ಣೆ ಅಥವಾ ಪೆಟ್ರೋಲಿನಿಂದ ರಬ್ಬರನ್ನು ಒರೆಸಬಾರದು; ಇವು ರಬ್ಬರನ್ನು ಉಬ್ಬಿಸಿ ಹಾಳುಮಾಡುತ್ತವೆ.
• ವಾರಕ್ಕೊಮ್ಮೆಯಾದರೂ ನೀರು ಚಿಮ್ಮಿಸಿ ವೈಪರ್ ಚಲಾಯಿಸಿದರೆ ರಬ್ಬರ್ ಗಾಜಿಗೆ ಅಂಟಿಕೊಳ್ಳುವುದಿಲ್ಲ. ಒಣ ಗಾಜಿನ ಮೇಲೆ ಚಲಾಯಿಸಬಾರದು.
• ನೀರಿನ ತೊಟ್ಟಿಗೆ ಗಡಸು ನೀರು ಅಥವಾ ಉಪ್ಪು ನೀರು ತುಂಬಬಾರದು. ಚಿಮ್ಮುವ ರಂಧ್ರಗಳು ಕಟ್ಟಿಕೊಳ್ಳುತ್ತವೆ.

ದಾರಿಯಲ್ಲಿ ವೈಪರ್ ಕೆಟ್ಟಾಗ ಗಾಜಿಗೆ ಹೊಗೆಸೊಪ್ಪು ಅಥವಾ ಕತ್ತರಿಸಿದ ಆಲೂಗಡ್ಡೆ ಉಜ್ಜುವ ರೂಢಿ ಚಾಲಕರಲ್ಲಿದೆ. ಇದರಿಂದ ನೀರು ಹನಿಗಟ್ಟದೆ ತೆಳುವಾದ ಪದರವಾಗಿ ಹರಿಯುತ್ತದೆ. ಮಳೆ ಜೋರಾದಾಗ ಇದು ಬೇಗ ತೊಳೆದು ಹೋಗುವುದರಿಂದ ತಾತ್ಕಾಲಿಕ ಉಪಾಯ ಮಾತ್ರ.

ಹಿಮ ಪ್ರದೇಶಗಳಲ್ಲಿ

ಕರಾವಳಿಯಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳುವುದಿಲ್ಲ. ಆದರೆ ಲಡಾಖ್, ಮನಾಲಿಗಳಿಗೆ ಕಾರಿನಲ್ಲಿ ತೆರಳುವವರಿಗೂ, ಉತ್ತರ ಅಮೆರಿಕ ಮತ್ತು ಯುರೋಪಿನಲ್ಲಿ ನೆಲೆಸಿರುವ ಕನ್ನಡಿಗರಿಗೂ ಈ ಸಮಸ್ಯೆ ಎದುರಾಗುತ್ತದೆ. ವಾಹನ ನಿಲ್ಲಿಸುವ ಮೊದಲು ಗಾಜನ್ನು ಒಣಗಿಸುವುದು, ಗಾಜಿನ ಮೇಲೆ ಹೊದಿಕೆ ಹಾಕುವುದು ಅಥವಾ ತೋಳುಗಳನ್ನು ಎತ್ತಿ ನಿಲ್ಲಿಸುವುದು ಮುನ್ನೆಚ್ಚರಿಕೆಗಳು. ಎಂಜಿನ್ ನಿಲ್ಲಿಸುವ ಮೊದಲೇ ವೈಪರ್ ಸ್ವಿಚ್ ಆರಿಸಿರಬೇಕು. ಇಲ್ಲವಾದರೆ ಬೆಳಿಗ್ಗೆ ಕೀಲಿ ತಿರುಗಿಸಿದೊಡನೆ ಹೆಪ್ಪುಗಟ್ಟಿದ ಬ್ಲೇಡನ್ನು ಎಳೆಯಲು ಹೋಗಿ ಫ್ಯೂಸ್ ಅಥವಾ ಮೋಟಾರು ಸುಡಬಹುದು. ಅಂಟಿದ ಬ್ಲೇಡನ್ನು ಬಲವಂತವಾಗಿ ಕೀಳದೆ, ಒಳಗಿನ ಬಿಸಿಗಾಳಿಯಿಂದ ಗಾಜನ್ನು ನಿಧಾನವಾಗಿ ಬೆಚ್ಚಗಾಗಿಸಬೇಕು. ಕುದಿನೀರು ಸುರಿದರೆ ತಾಪಮಾನದ ಹಠಾತ್ ವ್ಯತ್ಯಾಸದಿಂದ ಗಾಜು ಬಿರುಕು ಬಿಡಬಹುದು. ತೊಟ್ಟಿಗೆ ಸಾದಾ ನೀರಿನ ಬದಲು ಆಲ್ಕೋಹಾಲ್ ಬೆರೆತ, ಕಡಿಮೆ ತಾಪಮಾನದಲ್ಲೂ ಹೆಪ್ಪುಗಟ್ಟದ ದ್ರವವನ್ನು ತುಂಬಬೇಕು.

ಕಾನೂನು

ಭಾರತದಲ್ಲಿ ಮುಂಭಾಗದ ಗಾಜಿರುವ ಮೋಟಾರು ವಾಹನಗಳಿಗೆ ಸಮರ್ಥ ವೈಪರ್ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 101ನೇ ನಿಯಮ ವಿಧಿಸುತ್ತದೆ. ಅದೇ ನಿಯಮಾವಳಿಯ 100ನೇ ನಿಯಮದಂತೆ ಮುಂಭಾಗದ ಗಾಜು ಕನಿಷ್ಠ ಶೇ. 70ರಷ್ಟು ಬೆಳಕನ್ನು ಹಾಯಗೊಡಬೇಕು. ಬಸ್ಸು, ಲಾರಿ, ಟ್ಯಾಕ್ಸಿಗಳ ಅರ್ಹತಾ ಪತ್ರದ ತಪಾಸಣೆಯಲ್ಲಿ ವೈಪರನ್ನೂ ಪರಿಶೀಲಿಸಲಾಗುತ್ತದೆ.

ಇವನ್ನೂ ನೋಡಿ

• ಮುಂಗಾರು
• ರಾಷ್ಟ್ರೀಯ ಹೆದ್ದಾರಿ 66
• ಇಬ್ಬನಿ
• ರಬ್ಬರ್
• ರಸ್ತೆ ಸುರಕ್ಷತೆ