ಕೆಂಪು ಬಲ್ಬಿನಿಂದ ನೀಲಿ ಚುಕ್ಕೆಗೆ: ಕತ್ತಲೆ ಕೋಣೆಯ ಬೆಳಕಿನ ಕತೆ

ಸಿನಿಮಾದಲ್ಲಿ ಫೋಟೋಗ್ರಾಫರನ ಕತ್ತಲೆ ಕೋಣೆ ತೋರಿಸಿದರೆ ಅಲ್ಲೊಂದು ಕೆಂಪು ದೀಪ ಇದ್ದೇ ಇರುತ್ತದೆ. ನಮ್ಮ ಊರುಗಳ ಸ್ಟುಡಿಯೋಗಳಲ್ಲೂ ಕೆಂಪು ಝೀರೋ ಬಲ್ಬು ಇರುತ್ತಿತ್ತು. ಆದರೆ ಅದು ಕಾಗದದ ಮೇಲೆ ಪ್ರಿಂಟ್ ಹಾಕುವಾಗ ಮಾತ್ರ. ರೀಲು ತೊಳೆಯುವಾಗ ಅದನ್ನೂ ಆರಿಸಬೇಕಿತ್ತು.

ಬೆಳ್ಳಿಯ ಲವಣಗಳಿಗೆ ಸ್ವಭಾವತಃ ಕಾಣುವುದು ನೀಲಿ, ನೇರಳೆ ಮತ್ತು ಅದರಾಚೆಯ ಬೆಳಕು. 1851ರಲ್ಲಿ ಆರ್ಚರ್ ಪ್ರಕಟಿಸಿದ ಕಲೋಡಿಯನ್ ವಿಧಾನದಲ್ಲಿ ಗಾಜಿನ ತಟ್ಟೆಯನ್ನು ಒದ್ದೆಯಿದ್ದಾಗಲೇ ತೊಳೆಯಬೇಕು. ಫೋಟೋಗ್ರಾಫರುಗಳು ಗುಡಾರ ಹೊತ್ತು ತಿರುಗುತ್ತಿದ್ದರು. ಗುಡಾರದ ಕಿಟಕಿಗೆ ಹಳದಿ ಬಟ್ಟೆ ಕಟ್ಟಿದರೆ ಸಾಕಾಗುತ್ತಿತ್ತು. ಅದಕ್ಕೆ ತೆತ್ತ ಬೆಲೆಯೂ ಇತ್ತು: ಚಿತ್ರದಲ್ಲಿ ನೀಲಿ ಆಕಾಶ ಬಿಳಿಚಿಕೊಳ್ಳುತ್ತಿತ್ತು, ಕೆಂಪು ಸೀರೆ ಕಪ್ಪಾಗುತ್ತಿತ್ತು.

1873ರಲ್ಲಿ ಬರ್ಲಿನ್ನಿನ ಹರ್ಮನ್ ಫೋಗೆಲ್, ಕೆಲವು ಬಣ್ಣಗಳನ್ನು ಬೆರೆಸಿದರೆ ತಟ್ಟೆಗೆ ಹಸಿರೂ ಕಾಣುತ್ತದೆ ಎಂದು ಕಂಡುಕೊಂಡ. ಹಳದಿ ಬಟ್ಟೆಯ ಕಾಲ ಅಲ್ಲಿಗೆ ಮುಗಿಯಿತು, ಕೆಂಪು ಉಳಿಯಿತು. 1906ರಲ್ಲಿ ಇಂಗ್ಲೆಂಡಿನ ರಾಟನ್ ಅಂಡ್ ವೇನ್‌ರೈಟ್ ಕಂಪನಿ ಕೆಂಪನ್ನೂ ಕಾಣಬಲ್ಲ ಪ್ಯಾನ್‌ಕ್ರೊಮ್ಯಾಟಿಕ್ ತಟ್ಟೆಗಳನ್ನು ಮಾರಾಟಕ್ಕೆ ತಂದಾಗ ಅದೂ ಹೋಯಿತು. ತಮಾಷೆಯೆಂದರೆ, ಕತ್ತಲೆ ಕೋಣೆಯ ದೀಪಕ್ಕೆ ಹಾಕುವ ಫಿಲ್ಟರುಗಳಿಗೆ ಇಂದಿಗೂ ಅಂಟಿಕೊಂಡಿರುವುದು ಇದೇ ರಾಟನ್ ಹೆಸರು! ಕೊಡಕ್ 1912ರಲ್ಲಿ ಆ ಕಂಪನಿಯನ್ನು ಕೊಂಡುಕೊಂಡಿತು. ಕಾಗದ ಮಾತ್ರ ಹಳೆಯ ಜಾಯಮಾನದಲ್ಲೇ ಉಳಿಯಿತು. ಇವತ್ತಿನ ಕಪ್ಪು-ಬಿಳುಪು ಕಾಗದಕ್ಕೂ ಸಾಮಾನ್ಯವಾಗಿ ನೀಲಿ, ಹೆಚ್ಚೆಂದರೆ ಹಸಿರು ಕಾಣುತ್ತದೆ.

ಎಲೆಕ್ಟ್ರಾನಿಕ್ಸ್ ಈ ಕೋಣೆಗೆ ಬಂದದ್ದು ಸ್ನೇಹಿತನಾಗಿಯೇ. 1962ರಲ್ಲಿ ನಿಕ್ ಹೊಲೊನ್ಯಾಕ್ ಮಾಡಿ ತೋರಿಸಿದ ಎಲ್‌ಇಡಿಯ ಬಣ್ಣ ಕೆಂಪು. ಮುಂದೆ ಬಂದ ಟೈಮರುಗಳ ಕೆಂಪು ಅಂಕಿಗಳು ಕಾಗದಕ್ಕೆ ತೊಂದರೆ ಕೊಡಲಿಲ್ಲ. ಕೆಟ್ಟದ್ದು 1990ರ ದಶಕದಲ್ಲಿ, ಪ್ರಖರ ನೀಲಿ ಎಲ್‌ಇಡಿ ಬಂದಾಗ. ಅದನ್ನು ಸಾಧಿಸಿದ ಅಕಸಾಕಿ, ಅಮಾನೊ, ನಾಕಾಮುರಾ ಅವರಿಗೆ 2014ರ ನೊಬೆಲ್ ಸಂದಿತು, ಸಲ್ಲಬೇಕಾದದ್ದೇ. ಆದರೆ ಬಿಳಿ ಎಲ್‌ಇಡಿ ಎನ್ನುವುದೂ ಬಹುತೇಕ ಹಳದಿ ಲೇಪ ಬಳಿದ ನೀಲಿ ಎಲ್‌ಇಡಿಯೇ. ಕಾಗದಕ್ಕೆ ಯಾವ ಬಣ್ಣ ಚೆನ್ನಾಗಿ ಕಾಣುತ್ತದೋ ಅದೇ ಬಣ್ಣ ರೂಟರು, ಚಾರ್ಜರು, ಮೊಬೈಲುಗಳಲ್ಲಿ ಕುಳಿತುಬಿಟ್ಟಿತು.

ಮುಂಬೈ, ಪುಣೆಯ ಒಂದು ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿ ನಮಗೆ ಸಿಗುವ ಕತ್ತಲೆ ಕೋಣೆ ಬಚ್ಚಲುಮನೆ. ಗೀಸರಿನ ದೀಪ, ಸ್ವಿಚ್ ಬೋರ್ಡಿನ ಕಿತ್ತಳೆ ಚುಕ್ಕೆ, ವಾಷಿಂಗ್ ಮಷೀನಿನ ಅಂಕಿಗಳು, ಕೈಯ ಸ್ಮಾರ್ಟ್ ವಾಚು. ಆರಿಸಿದ ಮೇಲೂ ಸಿಎಫ್‌ಎಲ್, ಟ್ಯೂಬ್‌ಲೈಟುಗಳು ಸ್ವಲ್ಪ ಹೊತ್ತು ಮಿಣುಕುತ್ತವೆ. ಬಾಗಿಲು ಮುಚ್ಚಿ ಹತ್ತು ನಿಮಿಷ ಸುಮ್ಮನೆ ಕುಳಿತರೆ ಕಣ್ಣು ಪಳಗಿ ಇವೆಲ್ಲ ಒಂದೊಂದಾಗಿ ಕಾಣತೊಡಗುತ್ತವೆ. ಪ್ಲಗ್ ಕೀಳಬಹುದಾದ್ದನ್ನು ಕೀಳಿ. ಉಳಿದದ್ದಕ್ಕೆ ಕಪ್ಪು ಇನ್ಸುಲೇಶನ್ ಟೇಪು ಎರಡು ಪದರ. ರೀಲಿಗೆ ಪೂರ್ತಿ ಕತ್ತಲು ಬೇಕಾದ್ದು ಅದನ್ನು ಸುರುಳಿಗೆ ಸುತ್ತಿ ಟ್ಯಾಂಕಿನ ಮುಚ್ಚಳ ಹಾಕುವವರೆಗೆ ಮಾತ್ರ. ಆ ಕೆಲವು ನಿಮಿಷ ಗೀಸರಿನ ದೀಪವನ್ನೂ ನಂಬಬೇಡಿ.

ಕಾಗದಕ್ಕೆ ನಾಣ್ಯದ ಪರೀಕ್ಷೆ ಹಳೆಯದು, ಆದರೆ ಹಲವರು ಅದನ್ನು ಅರ್ಧ ಮಾಡಿ ನಿಲ್ಲಿಸುತ್ತಾರೆ. ಖಾಲಿ ಕಾಗದದ ಮೇಲೆ ನಾಣ್ಯ ಇಟ್ಟು ಗುರುತು ಬೀಳಲಿಲ್ಲ ಎಂದು ಸಮಾಧಾನಪಟ್ಟರೆ ಸಾಲದು. ಕಾಗದ ಕಪ್ಪಾಗಲು ಕನಿಷ್ಠ ಇಷ್ಟು ಬೆಳಕು ಬೇಕು. ಅದಕ್ಕಿಂತ ಕಡಿಮೆ ಬಿದ್ದದ್ದು ಕಾಣುವುದಿಲ್ಲ. ಆದರೆ ಎನ್‌ಲಾರ್ಜರಿನ ಬೆಳಕು ಸೇರಿದಾಗ ಎರಡೂ ಕೂಡಿಕೊಳ್ಳುತ್ತವೆ. ಆದ್ದರಿಂದ ಮೊದಲು ಎನ್‌ಲಾರ್ಜರಿನಿಂದ ತಿಳಿ ಬೂದು ಬರುವಷ್ಟು ಬೆಳಕು ಕೊಟ್ಟು, ಆಮೇಲೆ ನಾಣ್ಯ ಇಟ್ಟು, ಮಾಮೂಲಿ ಕೆಲಸಕ್ಕೆ ಹಿಡಿಯುವಷ್ಟು ಹೊತ್ತು ಬಿಟ್ಟು ತೊಳೆಯಬೇಕು. ನಾಣ್ಯದ ವೃತ್ತ ಕಂಡರೆ ಎಲ್ಲೋ ಸೋರಿಕೆಯಿದೆ. ಊರಿನ ಟ್ರಂಕಿನಿಂದ ತಂದ ನೆಗೆಟಿವ್‌ನಲ್ಲಿ ಅಜ್ಜನ ಪಂಚೆ ಅಚ್ಚ ಕಪ್ಪಾಗಿದ್ದು, ಪ್ರಿಂಟಿನಲ್ಲಿ ಮಾಸಲಾಗಿ ಬಂದರೆ ಕಾಗದದ ಡಬ್ಬವನ್ನು ಬೈಯುವ ಮೊದಲು ಬಾಗಿಲ ಸಂದಿಯಾಚೆಗಿನ ರೂಟರನ್ನು ನೋಡಿ.