ಕೋರ್ಟಿಗೆ ಒಂದೇ ಸಲ ಹೋಗೋರು, ದಿನಾ ಹೋಗೋರು



ಕಳೆದ ವಾರ ಬಳ್ಳಾರಿ ಕೋರ್ಟಿನ ಆವರಣದಾಗ ಸಿರುಗುಪ್ಪ ತಾಲ್ಲೂಕಿನ ಅಕ್ಕ ಒಬ್ಬರು ನನ್ನ ಪಕ್ಕ ಕೂತಿದ್ರು. ಅಟ್ರಾಸಿಟಿ ಕೇಸಿನ ಫಿರ್ಯಾದಿ. ನಾಟಿ ಹಚ್ಚೋ ಕೂಲಿ ಬಿಟ್ಟು 50 ಕಿ.ಮೀ.ಗೂ ಹೆಚ್ಚು ದೂರ ಬಸ್ಸಿನಾಗ ಬಂದಿದ್ರು. ಮಧ್ಯಾಹ್ನಕ್ಕ ಮತ್ತೊಂದು ವಾಯಿದೆ ಬಿತ್ತು. "ತಮ್ಮಾ, ಅವರಿಗೆ ಇಲ್ಲಿ ಎಲ್ಲಾರೂ ಗುರ್ತು ಅದಾರ. ನನಗ ಯಾವ ಬಾಗಿಲಿಗೆ ಹೋಗಬೇಕು ಅಂತನೂ ಗೊತ್ತಿಲ್ಲ" ಅಂದ್ರು.

ಇದೇ ಮಾತನ್ನ ಅಮೆರಿಕದ ಕಾನೂನು ಪ್ರೊಫೆಸರ್ ಒಬ್ಬರು 1974ರಲ್ಲಿ ದೊಡ್ಡ ಲೇಖನ ಮಾಡಿ ಬರೆದಿದ್ದಾರೆ. ಹೆಸರು ಮಾರ್ಕ್ ಗ್ಯಾಲಂಟರ್. ನಮ್ಮ ಕೇಸುಗಳನ್ನೇ ಓದಿ ಪ್ರೊಫೆಸರ್ ಆದ ಮನುಷ್ಯ, ಆದರೆ ನಮ್ಮ ಕಡೆ ಅವರ ಹೆಸರು ಕೇಳಿದವರು ಕಡಿಮೆ.

1931ರಲ್ಲಿ ಹುಟ್ಟಿದವರು. ಷಿಕಾಗೋದಲ್ಲಿ ಕಾನೂನು ಓದಿ, 1957ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ಭಾರತಕ್ಕೆ ಬಂದರು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನ ರದ್ದು ಮಾಡೈತಿ, 1955ರ ಅಸ್ಪೃಶ್ಯತಾ ಅಪರಾಧ ಕಾಯ್ದೆ ಬಂದೈತಿ. ಇದು ನಿಜವಾಗಿ ನಡೀತೈತಾ? ಅವರ ಹುಡುಕಾಟ ಇದು. ಸಿಕ್ಕ ಉತ್ತರ ನಮ್ಮ ಅಜ್ಜಂದಿರಿಗೆ ಮೊದಲೇ ಗೊತ್ತಿತ್ತು ಅನ್ನಿ. ಹೆಚ್ಚಂದ್ರೆ 6 ತಿಂಗಳ ಸಜೆ ಇಲ್ಲವೇ 500 ರೂಪಾಯಿ ದಂಡ, ಅದರ ಮೇಲೆ ಕೋರ್ಟಿನ ಒಪ್ಪಿಗೆ ಪಡೆದು ರಾಜಿಗೂ ದಾರಿ. ಊರಾಗ ರಾಜಿ ಹೆಂಗ ಆಗತೈತಿ ಅಂತ ನಿಮಗೆ ಹೇಳಬೇಕಿಲ್ಲ. 1976ರ ತಿದ್ದುಪಡಿ ಬಂದ ಮೇಲೇ ಆ ಕಾಯ್ದೆಗೆ ಸ್ವಲ್ಪ ಹಲ್ಲು ಬಂದದ್ದು.

ಆಮೇಲೆ ಮೀಸಲಾತಿ ತೀರ್ಪುಗಳಿಗೆ ಕೈ ಹಾಕಿದರು. ಇಲ್ಲಿ ನಮ್ಮ ಜಿಲ್ಲೆಯ ಕಥೆನೂ ಬರತೈತಿ. 1953ರ ಅಕ್ಟೋಬರ್ 1ರ ತನಕ ಬಳ್ಳಾರಿ ಮದ್ರಾಸಿಗೆ ಸೇರಿತ್ತು. ಅಲ್ಲಿಯ ಕಮ್ಯುನಲ್ ಜಿ.ಓ. ಪ್ರಕಾರ ಕಾಲೇಜಿನ ಪ್ರತಿ 14 ಸೀಟಿನಾಗ 2 ನಮ್ಮವರಿಗೆ. 1951ರ ಏಪ್ರಿಲ್‌ನಲ್ಲಿ ಚಂಪಕಂ ದೊರೈರಾಜನ್ ಕೇಸಲ್ಲಿ ಸುಪ್ರೀಂ ಕೋರ್ಟ್ ಆ ಲೆಕ್ಕಾನೇ ಹೊಡೆದುಹಾಕಿತು. ಎರಡೇ ತಿಂಗಳಲ್ಲಿ ಸಂವಿಧಾನಕ್ಕೆ ಮೊದಲ ತಿದ್ದುಪಡಿ, 15(4) ಬಂತು. ಮೈಸೂರಿಗೆ ಸೇರಿದೆವಾ, ಅಲ್ಲೂ ಬಿಡಲಿಲ್ಲ: 1962ರಲ್ಲಿ ಸರ್ಕಾರ ಮೆಡಿಕಲ್, ಎಂಜಿನಿಯರಿಂಗ್ ಸೀಟುಗಳಿಗೆ ಒಟ್ಟು ಶೇ. 68 ಮೀಸಲಿಟ್ಟಿತು, ಬಾಲಾಜಿ ಕೇಸಲ್ಲಿ ಅದೂ ಬಿತ್ತು. ನಮ್ಮ ಶೇ. 15 ಮತ್ತು 3ನ್ನ ಅರ್ಜಿದಾರರು ಪ್ರಶ್ನೆ ಮಾಡಿರಲಿಲ್ಲ, ಆದ್ರೂ ಶೇ. 50ರ ಗೆರೆ ಅನ್ನೋ ಮಾತು ಹುಟ್ಟಿದ್ದು ಅಲ್ಲೇ. ಇಂಥಾ ನೂರಾರು ತೀರ್ಪು ಜಾಲಾಡಿ 1984ರಲ್ಲಿ 'ಕಾಂಪೀಟಿಂಗ್ ಈಕ್ವಾಲಿಟೀಸ್' ಅಂತ 600 ಪುಟ ದಾಟಿದ ಪುಸ್ತಕ ತಂದರು. ಆಗ ಅವರು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರೊಫೆಸರ್. ಮೀಸಲಾತಿಗೆ ಅವರು ಕೊಟ್ಟ ಹೆಸರು 'ಪರಿಹಾರದ ತಾರತಮ್ಯ'. ನನಗ ಆ ಪದ ಹಿಡಿಸಂಗಿಲ್ಲ. ಹಕ್ಕಿಗೆ ತಾರತಮ್ಯ ಅಂತ ಯಾಕ ಕರೀಬೇಕು?

ಆದರೆ 1974ರ ಲೇಖನದ ಮುಂದ ನಾನು ತಲೆಬಾಗ್ತೀನಿ. ಹಲವು ಪತ್ರಿಕೆ ಒಲ್ಲೆ ಅಂದಿದ್ದವು. ಕೊನೆಗೆ ತಾವೇ ಸಂಪಾದಕರಾಗಿದ್ದ 'ಲಾ ಅಂಡ್ ಸೊಸೈಟಿ ರಿವ್ಯೂ'ದಲ್ಲಿ ಹಾಕಿದರು. ಅವರ ಲೆಕ್ಕದಾಗ ಕೋರ್ಟಿಗೆ ಬರೋರು ಎರಡು ಥರ. ಜನ್ಮಕ್ಕೊಂದು ಸಲ ಬರೋರು, ಪದೇ ಪದೇ ಬರೋರು. ಎರಡನೆಯವರಿಗೆ ಖಾಯಂ ವಕೀಲರು, ಗುಮಾಸ್ತರ ಗುರ್ತು, ಕಾಯೋ ತಾಕತ್ತು. ಒಂದು ಕೇಸ್ ಸೋತರೂ ಅವರಿಗೆ ನಡೀತೈತಿ, ಮುಂದಿನದಕ್ಕೆ ಅನುಕೂಲ ಆಗೋ ನಿಯಮ ಗೆದ್ದರೆ ಸಾಕು. ಒಂದೇ ಸಲ ಬಂದವನಿಗೆ ಆ ಒಂದು ಕೇಸೇ ಬದುಕು. ನ್ಯಾಯಾಧೀಶರು ಎಷ್ಟೇ ಪ್ರಾಮಾಣಿಕರಿರಲಿ, ಕಾನೂನು ಎಷ್ಟೇ ಚಲೋ ಇರಲಿ, ತಕ್ಕಡಿ ಆ ಕಡೆನೇ ವಾಲತೈತಿ. ನಾನೂ ಕಚೇರಿ ಗುಮಾಸ್ತನೇ. ಫೈಲು ಯಾರಿಗೆ ಬೇಗ ಸಿಗತೈತಿ ಅಂತ ನನಗ ಗೊತ್ತಿಲ್ಲೇನು?

ಇದಕ್ಕ ದಾರಿ ಏನು ಅಂತನೂ ಬರೆದಿದ್ದಾರೆ: ಬರೀ ಕಾನೂನು ತಿದ್ದಿದರೆ ಸಾಲದು, ಇಲ್ಲದವರು ಸಂಘಟನೆ ಆಗಿ ತಾವೂ 'ಪದೇ ಪದೇ ಬರೋರು' ಆಗಬೇಕು. 1970ರ ದಶಕದಲ್ಲೇ ಪ್ರೊ. ಬಿ. ಕೃಷ್ಣಪ್ಪ ಅವರು ನಮ್ಮಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದ್ದು ಸುಮ್ಮನೆ ಅಲ್ಲ.

ಸರಿ, ಅಕ್ಕನ ವಿಷಯಕ್ಕೆ ಬರ್ತೀನಿ. ಅಟ್ರಾಸಿಟಿ ಕಾಯ್ದೆಗೆ 2015ರ ತಿದ್ದುಪಡಿಯಲ್ಲಿ 15ಎ ಸೇರೈತಿ. ಆರೋಪಿಯ ಜಾಮೀನು ಅರ್ಜಿ ಸೇರಿ ಪ್ರತಿ ವಿಚಾರಣೆಯ ಮಾಹಿತಿ ಸಂತ್ರಸ್ತರಿಗೆ ಕೊಡಬೇಕು, ಸಂಘಟನೆಯವರ, ಸಾಮಾಜಿಕ ಕಾರ್ಯಕರ್ತರ ನೆರವು ಪಡೆಯೋ ಹಕ್ಕೂ ಐತಿ. 1995ರ ನಿಯಮ 11ರ ಪ್ರಕಾರ ಪ್ರಯಾಣದ ಖರ್ಚು, ದಿನಭತ್ಯೆ ಕೇಳಬಹುದು. ಅಕ್ಕ ಇಷ್ಟು ವಾಯಿದೆಗೆ ಬಂದಾರ, ಒಂದು ರೂಪಾಯಿ ಕೇಳಿಲ್ಲ. ಕೇಳಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ, ನಾನೂ ತಡವಾಗಿ ಹೇಳಿದೆ. ಬಸ್ ಟಿಕೆಟ್ ಎಲ್ಲಾ ಬಿಸಾಕಿಬಿಟ್ಟಾರ.

ಅರ್ಜಿ ನಾನು ಟೈಪ್ ಮಾಡೀನಿ. ಮುಂದಿನ ವಾಯಿದೆಗೆ ಸಾಕ್ಷಿ ಹೇಳೋರು ಇಬ್ಬರು ಹೆದರ್ಯಾರ, ಊರಾಗ ರಾಜಿ ಮಾತು ಶುರುವಾಗೈತಿ. ಕುರುಗೋಡು, ಸಿರುಗುಪ್ಪದ ಗೆಳೆಯರು ನಾಕು ಮಂದಿ ಆದ್ರೂ ಬೆಳಿಗ್ಗೆ 10ಕ್ಕೆ ಕೋರ್ಟಿನ ಗೇಟಿನ ಹತ್ರ ಬರ್ರಿ. ತಾರೀಖು ಇನ್‌ಬಾಕ್ಸಿನಾಗ ಹೇಳ್ತೀನಿ. ಬರೋರು ಟಿಕೆಟ್ ಇಟ್ಕೊಳ್ರಿ.