ಪ್ರಿಂಟರಿನ ತಂತಿ ವಡಗೇರಾಕ್ಕೆ ಬಂದ ಕಥೆ

ಆಫೀಸಿನಲ್ಲಿ ನಾವು ಪ್ರಿಂಟ್ ಒತ್ತಿದರೆ ಕಾಗದ ಎಲ್ಲೋ ಒಂದು ಕಡೆ ಬರುತ್ತೆ. ಮೂರನೇ ಮಹಡಿಯ ಮೂಲೆಯಲ್ಲೋ, ಲಿಫ್ಟಿನ ಪಕ್ಕದಲ್ಲೋ. ಆ ಪ್ರಿಂಟರು ಯಾವ ಕಂಪ್ಯೂಟರಿಗೆ ಸೇರಿದ್ದು ಅಂತ ಯಾರೂ ಕೇಳಲ್ಲ. ಆದರೆ ಯುನಿಕ್ಸ್ ಯಂತ್ರದ ಮುಂದೆ ಕೂತು ಕೈಯಾರೆ ಪ್ರಿಂಟರ್ ಜೋಡಿಸಿದವರಿಗೆ ಮೊದಲು ಎದುರಾಗುವುದೇ ಈ ಪ್ರಶ್ನೆ: ತಂತಿಯ ಇನ್ನೊಂದು ತುದಿ ಎಲ್ಲಿದೆ?

ಇದು ಬರೀ ತಾಂತ್ರಿಕ ಪ್ರಶ್ನೆ ಅಂದ್ಕೊಳ್ಳಬೇಡಿ. ಭೀಮಾ ಮತ್ತು ಕೃಷ್ಣೆಯ ನಡುವಿನ ವಡಗೇರಾದ ರೈತರ ಜಮೀನಿನ ಕಾಗದ ಇದೇ ಪ್ರಶ್ನೆಗೆ ಕಾಲು ಶತಮಾನ ಕಾದಿದೆ. ಹಾಗಾಗಿ ಈ ಎರಡು ಕಥೆಗಳನ್ನು ಒಟ್ಟಿಗೇ ಹೇಳ್ತೀನಿ.

ಮೊದಲು ಯುನಿಕ್ಸ್. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತವರ ಗೆಳೆಯರಿಗೆ 1970ರಲ್ಲಿ ಒಂದು ಹೊಸ ಯಂತ್ರ ಬೇಕಿತ್ತು. ಹೊಸ ಆಪರೇಟಿಂಗ್ ಸಿಸ್ಟಂ ಬರೀತೀವಿ ಅಂದ್ರೆ ದುಡ್ಡು ಹುಟ್ಟುವ ಹಾಗಿರಲಿಲ್ಲ. ಅದಕ್ಕೆ ಅವರು ದಾಖಲೆಗಳನ್ನು ಟೈಪ್ ಮಾಡಿ ಅಚ್ಚುಕಟ್ಟಾಗಿ ಮುದ್ರಿಸುವ ವ್ಯವಸ್ಥೆ ಮಾಡಿಕೊಡ್ತೀವಿ ಅಂದರು. ಪಿಡಿಪಿ-11 ಬಂತು. 1971ರಲ್ಲಿ ಪೇಟೆಂಟ್ ವಿಭಾಗದ ಮೂವರು ಟೈಪಿಸ್ಟರು ಅದರ ಮುಂದೆ ಕೂತು ಅರ್ಜಿಗಳನ್ನು ತಯಾರಿಸತೊಡಗಿದರು. ಅಂದ್ರೆ ಯುನಿಕ್ಸ್‌ನ ಮೊದಲ ಅನ್ನದಾತ ಕಾಗದ. ಅದೂ ಕಾನೂನಿನ ಕಾಗದ, ಯಾವುದು ಯಾರ ಹಕ್ಕು ಅಂತ ಹೇಳುವ ಕಾಗದ. ನಮ್ಮ ಪಹಣಿಯ ದೂರದ ನೆಂಟ ಅನ್ನಬಹುದು.

ಯುನಿಕ್ಸ್‌ನಲ್ಲಿ ಪ್ರಿಂಟರ್ ಕೂಡ ಒಂದು ಫೈಲು. /ಡೆವ್/ಎಲ್‌ಪಿ0 ಅಂತ ಅದರ ಹೆಸರು. ಎಲ್‌ಪಿ ಅಂದ್ರೆ ಲೈನ್ ಪ್ರಿಂಟರ್, ಸೊನ್ನೆ ಅಂದ್ರೆ ಮೊದಲನೆಯದು. ಅದರೊಳಗೆ ಬರೆದದ್ದು ಪ್ಯಾರಲಲ್ ತಂತಿಯಲ್ಲಿ ಹರಿದು ಕಾಗದದ ಮೇಲೆ ಬೀಳುತ್ತೆ. ಇಷ್ಟು ಸರಳವಾದ ಮೇಲೆ ತೊಂದರೆ ಏನು? ಇಬ್ಬರು ಒಟ್ಟಿಗೇ ಬರೆದರೆ ಒಬ್ಬರ ಸಾಲು ಇನ್ನೊಬ್ಬರ ಸಾಲಿನೊಳಗೆ ನುಗ್ಗುತ್ತೆ. ಅದಕ್ಕೇ ಆ ಫೈಲನ್ನು ಜನಸಾಮಾನ್ಯರು ಮುಟ್ಟಬಾರದು ಅಂತ ಬೀಗ ಹಾಕಿ, ನಡುವೆ ಒಬ್ಬ ಗುಮಾಸ್ತನನ್ನು ಕೂರಿಸಿದರು. ಬರ್ಕ್ಲಿಯ ಯುನಿಕ್ಸ್‌ನಲ್ಲಿ ಅವನ ಹೆಸರು ಎಲ್‌ಪಿಡಿ. ನೀವು ನಿಮ್ಮ ಅರ್ಜಿಯನ್ನು ಒಂದು ಡೈರೆಕ್ಟರಿಯಲ್ಲಿ ಇಡಬೇಕು, ಅವನು ಸರದಿಯ ಪ್ರಕಾರ ಒಂದೊಂದೇ ಎತ್ತಿ ಪ್ರಿಂಟರಿಗೆ ಕೊಡಬೇಕು. ಆ ಡೈರೆಕ್ಟರಿಗೆ ಸ್ಪೂಲ್ ಅಂತಾರೆ.

ಹೀಗೆ ಯುನಿಕ್ಸ್‌ನಲ್ಲಿ ಪ್ರಿಂಟರ್ ಜೋಡಿಸೋದು ಅಂದ್ರೆ ಮೂರು ವಿಷಯ ತೀರ್ಮಾನ ಮಾಡೋದು. ತಂತಿ ಯಾವ ಯಂತ್ರಕ್ಕೆ? ಸರದಿಯ ಮೇಲೆ ಅಧಿಕಾರ ಯಾರದು? ಯಂತ್ರದ ಮಾತನ್ನು ಪ್ರಿಂಟರಿನ ಮಾತಿಗೆ ಬದಲಿಸೋರು ಯಾರು? ಮೂರನೆಯದಕ್ಕೆ ಫಿಲ್ಟರ್ ಅಂತ ಹೆಸರು. ಈ ಮೂರನ್ನೂ ನೆನಪಲ್ಲಿಟ್ಟುಕೊಂಡು ಈಗ ವಡಗೇರಾಕ್ಕೆ ಬನ್ನಿ.

1948ರವರೆಗೆ ಈ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆಡಳಿತದ ಭಾಷೆ ಉರ್ದು. ಹೊಲ ಕನ್ನಡದವರದ್ದು, ಅದರ ದಾಖಲೆ ಇನ್ನೊಂದು ಲಿಪಿಯಲ್ಲಿ. 1956ರ ರಾಜ್ಯ ಪುನರ್ವಿಂಗಡಣೆಯ ನಂತರ ವಡಗೇರಾ ಕನ್ನಡ ನಾಡಿಗೆ ಸೇರಿತು. ಜಿಲ್ಲೆ ಗುಲ್ಬರ್ಗಾ, ತಾಲ್ಲೂಕು ಶಹಾಪುರ. ಊರಿನ ಜಮೀನಿನ ಪುಸ್ತಕ ಗ್ರಾಮ ಲೆಕ್ಕಿಗರ ಕೈಯಲ್ಲಿ. ಸಾಲ ಬೇಕೇ, ಪಹಣಿ ತನ್ನಿ. ಕೋರ್ಟಿನಲ್ಲಿ ದಾವೆಯೇ, ಪಹಣಿ ತನ್ನಿ. ಯಾರಿಗೋ ಜಾಮೀನು ನಿಲ್ಲಬೇಕೇ, ಪಹಣಿ ತನ್ನಿ. ಇಡೀ ಕರ್ನಾಟಕದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರು ಇಂಥ ಪುಸ್ತಕಗಳನ್ನು ಕೈಬರಹದಲ್ಲಿ ಇಟ್ಟಿದ್ದರು. ಅವರು ಊರಲ್ಲಿ ಸಿಕ್ಕರೆ ನಕಲು ಸಿಕ್ಕಿತು, ಇಲ್ಲಾಂದ್ರೆ ಇಲ್ಲ. ಯುನಿಕ್ಸ್ ಭಾಷೆಯಲ್ಲಿ ಹೇಳೋದಾದ್ರೆ ದಾಖಲೆ, ಸರದಿ, ಮುದ್ರಣ ಮೂರೂ ಒಬ್ಬನೇ ಮನುಷ್ಯನೊಳಗೆ ಇದ್ದವು.

ಇದನ್ನು ಬಿಡಿಸುವ ಮೊದಲ ಪ್ರಯತ್ನ ಕರ್ನಾಟಕದಲ್ಲಿ ಶುರುವಾಗಿದ್ದು ಬೆಂಗಳೂರಲ್ಲಲ್ಲ, ಇದೇ ಗುಲ್ಬರ್ಗಾ ಜಿಲ್ಲೆಯಲ್ಲಿ. 1991ರಲ್ಲಿ ಕೇಂದ್ರ ಸರ್ಕಾರದ ಹಣದಿಂದ ಭೂದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ಪ್ರಾಯೋಗಿಕ ಯೋಜನೆ ಇಲ್ಲಿ ಆರಂಭವಾಯಿತು. 1996ರ ಹೊತ್ತಿಗೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಮಂಜೂರಾಯಿತು. ಆದರೂ ರೈತನಿಗೆ ಉಪಯೋಗ ಆಗಲಿಲ್ಲ. ಯಾಕೆ?

ತಂತಿ ತಪ್ಪು ಊರಿನಲ್ಲಿತ್ತು. ಆ ಯೋಜನೆಯಲ್ಲಿ ತಾಲ್ಲೂಕು ಕಚೇರಿಗೆ ಕಂಪ್ಯೂಟರ್ ಕೊಡುವ ಏರ್ಪಾಡೇ ಇರಲಿಲ್ಲ. ಜಮೀನು ಮಾರಾಟವಾದಾಗ, ಅಪ್ಪ ತೀರಿಕೊಂಡು ಮಕ್ಕಳು ಪಾಲಾದಾಗ, ದಾಖಲೆ ನಿಜವಾಗಿ ಬದಲಾಗುವುದು ಶಹಾಪುರದಂಥ ತಾಲ್ಲೂಕಿನ ಮಟ್ಟದಲ್ಲಿ. ಯಂತ್ರ ಇರೋದು ಜಿಲ್ಲಾ ಕೇಂದ್ರದಲ್ಲಿ. ಇಲ್ಲಿ ಕೈಯಲ್ಲಿ ಬರೆದದ್ದು ಅಲ್ಲಿಗೆ ಹೋಗಿ ಏರುವಷ್ಟರಲ್ಲಿ ಇಲ್ಲಿ ಮತ್ತೇನೋ ಬದಲಾಗಿರುತ್ತಿತ್ತು. ಅಲ್ಲಿ ಅಚ್ಚಾಗಿ ಬಂದರೂ ಅದು ಹಳೇ ಸುದ್ದಿಯ ಅಂದವಾದ ಪ್ರತಿ, ಅಷ್ಟೇ. ಪ್ರಿಂಟರ್ ಹತ್ತಿರ ಇದ್ದರೆ ಸಾಲದು, ದಾಖಲೆ ಬದಲಾಗುವ ಯಂತ್ರಕ್ಕೇ ಅದು ಅಂಟಿಕೊಂಡಿರಬೇಕು. ಗುಲ್ಬರ್ಗಾದ ಪ್ರಯೋಗ ಕಲಿಸಿದ ಪಾಠ ಇದು.

ಆ ಪಾಠದ ಮೇಲೆ ಕಟ್ಟಿದ್ದು ‘ಭೂಮಿ’. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದಾಳತ್ವ, ತಂತ್ರಾಂಶ ಎನ್‌ಐಸಿಯದು. 2000ದ ಆಚೀಚೆಗೆ ಶುರುವಾಗಿ ಎರಡು-ಮೂರು ವರ್ಷದಲ್ಲಿ ಇಡೀ ರಾಜ್ಯದ ತಾಲ್ಲೂಕು ಕಚೇರಿಗಳಿಗೆ ಹಬ್ಬಿತು. ಸುಮಾರು 2 ಕೋಟಿ ದಾಖಲೆ, 67 ಲಕ್ಷ ರೈತರು. ಕಿಟಕಿಯಲ್ಲಿ ಹೆಸರನ್ನೋ ಸರ್ವೆ ನಂಬರನ್ನೋ ಹೇಳಿ, 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ. ಕೈಬರಹದ ಪಹಣಿಗೆ ಕಾನೂನಿನ ಬೆಲೆ ಹೋಯಿತು. ಒಳಗೆ ಏನಾಗ್ತಿದೆ ಅಂತ ನೋಡಲು ರೈತನ ಕಡೆಗೆ ಮುಖ ಮಾಡಿದ ಇನ್ನೊಂದು ಪರದೆಯನ್ನೂ ಇಟ್ಟರು. ನೆನಪಿರಲಿ, ಭೂಮಿ ಓಡಿದ್ದು ವಿಂಡೋಸ್ ಮೇಲೆ, ಯುನಿಕ್ಸ್ ಮೇಲಲ್ಲ. ಆದರೆ ಅದು ಉತ್ತರ ಹುಡುಕಿದ್ದು ಅದೇ ಮೂರು ಪ್ರಶ್ನೆಗೆ.

ತಂತಿ ತಾಲ್ಲೂಕಿಗೆ ಬಂತು. ಸರದಿ? ಖಾತೆ ಬದಲಾವಣೆಯ ಅರ್ಜಿಗಳನ್ನು ಮೊದಲು ಬಂದದ್ದು ಮೊದಲು ಅಂತಲೇ ತೆಗೆದುಕೊಳ್ಳುವಂತೆ ತಂತ್ರಾಂಶವೇ ಹಟ ಹಿಡಿಯಿತು. ಅಧಿಕಾರಿಗಳು ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಿತ್ತು, ಯಾರು ಏನು ಬದಲಿಸಿದರು ಅನ್ನೋದು ದಾಖಲಾಗಲಿ ಅಂತ. ಇದು ದೊಡ್ಡ ಮಾತು. ಯಾಕಂದ್ರೆ ಸರದಿ ಅನ್ನೋದು ತಾನಾಗಿ ನ್ಯಾಯವಂತ ಅಲ್ಲ. ಬರ್ಕ್ಲಿ ಯುನಿಕ್ಸ್‌ನಲ್ಲಿ ಟಾಪ್‌ಕ್ಯೂ ಅಂತ ಒಂದು ಅಪ್ಪಣೆ ಇದೆ. ರೂಟ್ ಅಧಿಕಾರ ಇದ್ದವರು ಅದನ್ನು ಕೊಟ್ಟರೆ ಕೊನೆಯಲ್ಲಿದ್ದ ಕೆಲಸ ಎಲ್ಲರನ್ನೂ ದಾಟಿ ಮೊದಲಿಗೆ ಬಂದು ನಿಲ್ಲುತ್ತೆ. ಕಚೇರಿಗಳಲ್ಲಿ ಈ ಅಪ್ಪಣೆಗೆ ಏನೇನು ಹೆಸರಿದೆ ಅಂತ ನಿಮಗೆ ಗೊತ್ತೇ ಇದೆ!

ಇನ್ನು ಫಿಲ್ಟರು. ಇಲ್ಲಿ ಕನ್ನಡದ್ದೇ ಒಂದು ಅಧ್ಯಾಯ ಇದೆ. ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಹೊಟ್ಟೆಯಲ್ಲಿ ಸಾಮಾನ್ಯವಾಗಿ ಕನ್ನಡ ಅಕ್ಷರಗಳು ಇರ್ತಿರಲಿಲ್ಲ. ಇವತ್ತಿನ ಯುನಿಕೋಡ್‌ನಲ್ಲಿ ‘ವಡಗೇರಾ’ ಅಂದ್ರೆ ಆರು ಚಿಹ್ನೆ. ಯುಟಿಎಫ್-8ರಲ್ಲಿ ಒಂದೊಂದಕ್ಕೂ ಮೂರು ಬೈಟ್, ಒಟ್ಟು 18. ಇದನ್ನು ಫಿಲ್ಟರ್ ಇಲ್ಲದೆ ನೇರ /ಡೆವ್/ಎಲ್‌ಪಿ0ಗೆ ಸುರಿದರೆ, ಹಳೇ ಐಬಿಎಂ ಅಕ್ಷರಪಟ್ಟಿಯ ಪ್ರಿಂಟರಿನಲ್ಲಿ ಆರು ಸಲ ಗ್ರೀಕ್‌ನ ಆಲ್ಫಾ ಬರುತ್ತೆ, ಅದರ ನಡುನಡುವೆ ಕಪ್ಪು ಪಟ್ಟಿ, ಗೆರೆ. ಊರಿನ ಹೆಸರು ಎಲ್ಲೂ ಇಲ್ಲ. ಯಂತ್ರ ಎಲ್ಲ ಬೈಟುಗಳನ್ನೂ ನಿಷ್ಠೆಯಿಂದ ಮುಟ್ಟಿಸಿದೆ, ಪ್ರಿಂಟರೂ ಕೇಳಿದ್ದನ್ನೇ ಮಾಡಿದೆ. ಆದರೂ ಓದೋಕಾಗಲ್ಲ.

ಹಾಗಾಗಿ ಕನ್ನಡ ಅಚ್ಚಾಗಬೇಕಾದರೆ ಅಕ್ಷರವನ್ನು ಚಿತ್ರವಾಗಿ ಬಿಡಿಸಿ, ಚುಕ್ಕಿ ಚುಕ್ಕಿಯಾಗಿ ಕಳಿಸಬೇಕಿತ್ತು. ಗುಣಿತ, ಒತ್ತಕ್ಷರ ಎಲ್ಲ ಕೂಡಿಸಿದ ಮೇಲೆ. ಐಐಟಿ ಕಾನ್ಪುರದಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನ ಮಾಡಿದ ಕೆಲಸ ಇದು. 1991ರಲ್ಲಿ ಭಾರತೀಯ ಲಿಪಿಗಳಿಗೆ ಇಸ್ಕಿ ಎಂಬ ಸಂಕೇತ ಪದ್ಧತಿ ರಾಷ್ಟ್ರೀಯ ಮಾನಕವಾಯಿತು. ಗುಲ್ಬರ್ಗಾದ ಪ್ರಯೋಗ ಶುರುವಾದದ್ದೂ ಅದೇ ವರ್ಷ. ಉರ್ದುವಿನಲ್ಲಿದ್ದ ಹೊಲದ ದಾಖಲೆ ಕನ್ನಡಕ್ಕೆ ಬಂದಿತ್ತಲ್ಲ, ಅದು ಕಂಪ್ಯೂಟರಿನಲ್ಲಿ ಕನ್ನಡವಾಗಿಯೇ ಉಳಿಯಲು ಇಂಥ ಕೆಲಸಗಳೂ ಬೇಕಾದವು.

ಎಲ್ಲಾ ಸುಖಾಂತ್ಯ ಅಂತೇನೂ ಅಲ್ಲ. 2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಭೂಮಿ ಯೋಜನೆಯ ಬಗ್ಗೆ ಒಂದು ಪ್ರಬಂಧ ಬರೆದರು. ಊರಿನ ಕೈಯಲ್ಲಿದ್ದ ದಾಖಲೆ ಮೇಲಕ್ಕೆ ಹೋದದ್ದರಿಂದ, ಬೆಂಗಳೂರಿನ ಸುತ್ತ ದೊಡ್ಡ ಪ್ರಮಾಣದಲ್ಲಿ ಜಮೀನು ಹಿಡಿಯುವವರಿಗೇ ಹೆಚ್ಚು ಅನುಕೂಲವಾಯಿತು ಅನ್ನೋದು ಅವರ ವಾದ. ಹಳೇ ಗುಮಾಸ್ತ ಹೋದ, ಆದರೆ ರೂಟ್ ಪಾಸ್‌ವರ್ಡ್ ರೈತನ ಕೈಗೇನೂ ಬರಲಿಲ್ಲ ಅನ್ನಬಹುದು.

ವಡಗೇರಾದ ಮಟ್ಟಿಗೆ ತಂತಿ ಇನ್ನೂ ಸ್ವಲ್ಪ ದೂರದಲ್ಲೇ ಇತ್ತು. 2010ರ ಹೊತ್ತಿಗೆ ಯಾದಗಿರಿ ಬೇರೆ ಜಿಲ್ಲೆಯಾಯಿತು. 2018ರ ಸುಮಾರಿಗೆ ರಾಜ್ಯದಲ್ಲಿ ಹೊಸ ತಾಲ್ಲೂಕುಗಳು ಕೆಲಸ ಶುರು ಮಾಡಿದಾಗ ಶಹಾಪುರದಿಂದ ವಡಗೇರಾ, ಸುರಪುರದಿಂದ ಹುಣಸಗಿ, ಯಾದಗಿರಿಯಿಂದ ಗುರುಮಠಕಲ್ ಬೇರೆಯಾದವು. 1991ರಲ್ಲಿ ಜಿಲ್ಲಾ ಕೇಂದ್ರದಲ್ಲಿದ್ದ ಯಂತ್ರ ಹತ್ತು ವರ್ಷಕ್ಕೆ ಶಹಾಪುರಕ್ಕೆ, ಮತ್ತೆ ಹದಿನೇಳು-ಹದಿನೆಂಟು ವರ್ಷಕ್ಕೆ ಊರಿನ ತಾಲ್ಲೂಕು ಕಚೇರಿಗೆ. ಲೋಕಲ್ ಪ್ರಿಂಟರ್ ಅಂದ್ರೆ ಇದು.

ತಮಾಷೆ ಏನಂದ್ರೆ, ಈಗ ಲೋಕಲ್ ಅನ್ನೋ ಮಾತೇ ಕರಗುತ್ತಿದೆ. ಮೈಕಲ್ ಸ್ವೀಟ್ ಬರೆದ ಕಪ್ಸ್ 1999ರಲ್ಲಿ ಬಂದು ಹಳೆಯ ಎಲ್‌ಪಿಡಿಯ ಜಾಗ ಹಿಡಿಯಿತು. 2007ರಲ್ಲಿ ಆಪಲ್ ಅದನ್ನು ಕೊಂಡುಕೊಂಡಿತು. ಇವತ್ತು ಲಿನಕ್ಸ್ ಲ್ಯಾಪ್‌ಟಾಪಿಗೆ ಹೊಸ ಯುಎಸ್‌ಬಿ ಪ್ರಿಂಟರ್ ಚುಚ್ಚಿದರೆ, ಬಹಳಷ್ಟು ಸಲ ಐಪಿಪಿ-ಯುಎಸ್‌ಬಿ ಅನ್ನೋ ಪುಟ್ಟ ಪ್ರೋಗ್ರಾಮು ಅದನ್ನು ನೆಟ್‌ವರ್ಕ್ ಪ್ರಿಂಟರ್ ಥರ ತೋರಿಸುತ್ತೆ. ತಂತಿ ಒಂದು ಮೀಟರ್ ಉದ್ದ, ಆದರೂ ವೇಷ ಮಾತ್ರ ದೂರದ್ದು. ಡ್ರೈವರ್ ಹುಡುಕುವ ಕಷ್ಟ ಇಲ್ಲ. ಪಹಣಿಯದೂ ಇದೇ ಕಥೆ: ಆನ್‌ಲೈನ್‌ನಲ್ಲಿ ಹುಡುಕಿ, ಬೆಂಗಳೂರಿನ ಫ್ಲ್ಯಾಟಿನಲ್ಲೇ ಅಚ್ಚು ಹಾಕಿಕೊಳ್ಳಬಹುದು.

ಅನುಕೂಲ ನಿಜ. ಆದರೆ ಇಲ್ಲಿ ಸುಲಭವಾಗಿರೋದು ಮುದ್ರಣ ಮಾತ್ರ. ದಾಖಲೆ ಬದಲಾಗೋದು ಈಗಲೂ ಅಲ್ಲೇ, ತಾಲ್ಲೂಕಿನಲ್ಲಿ, ಅಲ್ಲಿನ ಸರದಿಯಲ್ಲಿ. ನಮ್ಮಲ್ಲಿ ಎಷ್ಟೋ ಜನರ ಊರಿನ ಹೊಲ ಇನ್ನೂ ತೀರಿಕೊಂಡ ಅಜ್ಜನ ಹೆಸರಲ್ಲೇ ಇದೆ. ಮುಂದಿನ ಸಲ ಪಹಣಿ ತೆಗೆದಾಗ 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ರಲ್ಲಿ ಯಾವ ಸಾಲ ಕೂತಿದೆ ಅಂತ ನೋಡಿ. ತಪ್ಪಿದ್ದರೆ ಎಷ್ಟು ಸಲ ಪ್ರಿಂಟ್ ಕೊಟ್ಟರೂ ಅದೇ ತಪ್ಪು ಬರುತ್ತೆ. ಊರಿಗೆ ಹೋಗಿ ಅರ್ಜಿ ಕೊಡಿ, ಅರ್ಜಿಯ ನಂಬರ್ ಇಸ್ಕೊಳ್ಳಿ, ಸರದಿ ಎಲ್ಲಿಗೆ ಬಂತು ಅಂತ ಕೇಳ್ತಾ ಇರಿ.